ಸಂಶೋಧಕರ ಕೈಯಲ್ಲೊಂದು ಪಾಸ್‌ಬುಕ್ಕು



ನಾನು ಕಲಿತದ್ದು ಎಸ್ಸೆಸ್ಸೆಲ್ಸಿಯವರೆಗೆ ಮಾತ್ರ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಇಂಥವನು ಪಿಎಚ್.ಡಿ. ವಿಷಯ ಮಾತಾಡಲು ಹೊರಟರೆ ನಿಮಗೆ ನಗು ಬಂದೀತು. ನನ್ನ ತಂಗಿಗೂ ಬಂತು. ಆದರೆ ವಿಷಯ ನಮ್ಮ ಮನೆಯ ಜಗಲಿಗೇ ಬಂದು ಕೂತದ್ದರಿಂದ ನಾನು ಅದನ್ನು ಕಲಿಯಬೇಕಾಯಿತು. ಕಲಿತದ್ದನ್ನು ಈಗ ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ನಮ್ಮ ಕಾಸರಗೋಡಿನ ಕಡೆಯಲ್ಲಿ ಮೊದಲು ಡಾಕ್ಟರು ಎಂದರೆ ಸೂಜಿ ಚುಚ್ಚುವವರು ಮಾತ್ರ. ಮಂಜೇಶ್ವರದ ಗೋವಿಂದ ಪೈಗಳಂಥ ದೊಡ್ಡ ಸಂಶೋಧಕರಿದ್ದರೂ ಅವರ ಹೆಸರಿನ ಹಿಂದೆ ಡಾಕ್ಟರ್ ಎಂಬುದಿರಲಿಲ್ಲ. ಈಗ ಹಾಗಲ್ಲ. ಅಡಿಕೆ ತೋಟದ ಮನೆಯಿಂದಲೂ ಬೀಡಿ ಕಟ್ಟುವವರ ಮನೆಯಿಂದಲೂ ಮಕ್ಕಳು ಸಂಶೋಧನೆಗೆ ಹೋಗುತ್ತಿದ್ದಾರೆ. ಆದರೆ ಒಳಗೆ ಏನು ನಡೆಯುತ್ತದೆ ಎಂಬುದು ಮನೆಯವರಿಗೆ ಗೊತ್ತಿಲ್ಲ. ವರ್ಷಕ್ಕೊಂದು ಪರೀಕ್ಷೆ ಇಲ್ಲ, ಮಾರ್ಕು ಇಲ್ಲ, ಪಾಸು ಫೇಲು ಇಲ್ಲ. 'ಇನ್ನೂ ಮುಗಿಯಲಿಲ್ಲವಾ?' ಎಂದು ಕೇಳುವುದೊಂದೇ ನಮಗೆ ಗೊತ್ತು.

ನನ್ನ ತಂಗಿಯ ಮಗಳು 2023ರ ಜನವರಿಯಲ್ಲಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದಳು. ನಮ್ಮ ಗಡಿ ಊರುಗಳ ಹೆಸರುಗಳು ಅವಳ ವಿಷಯ. ಒಂದೇ ಊರನ್ನು ಕನ್ನಡದವರು ಒಂದು ರೀತಿ, ತುಳುವರು ಒಂದು ರೀತಿ, ಮಲಯಾಳದವರು ಇನ್ನೊಂದು ರೀತಿ ಕರೆಯುತ್ತಾರಲ್ಲ, ಅದರ ಅಧ್ಯಯನ. 2025ರ ಓಣಂ ರಜೆಯಲ್ಲಿ ಕೈಕೂಸನ್ನು ಎತ್ತಿಕೊಂಡು ಮನೆಗೆ ಬಂದವಳು, ಚಹಾ ಕುಡಿಯುವಾಗ ಮೆಲ್ಲಗೆ ಹೇಳಿದಳು: 'ಮಾವ, ನಾನು ಪಿಎಚ್.ಡಿ. ಬಿಡುತ್ತೇನೆ.'

'ಯಾಕೆ ಮಾರಾಯ್ತಿ?'

'ಗೈಡ್ ಏನೂ ಹೇಳುವುದಿಲ್ಲ. ನನಗೂ ಕೇಳಲು ಹೆದರಿಕೆ. ಈಗ ಫೋನೇ ಮಾಡುವುದಿಲ್ಲ.'

ನನಗೆ ಸಿಟ್ಟು ಬಂತು. ಮಾರ್ಗದರ್ಶಕರ ಮೇಲೆ ದೂರು ಕೊಡುವ ಎಂದೆ. ದೂರು ಕೊಡಬೇಕಾದರೆ ಕಾಗದಪತ್ರ ಬೇಕು ಎಂಬುದು ಬ್ಯಾಂಕಿನವನಿಗೆ ಗೊತ್ತಿರುವ ಮೊದಲ ಪಾಠ. ಅವಳ ಫೈಲು ತರಿಸಿದೆ. ಜೊತೆಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯು.ಜಿ.ಸಿ., 2022ರ ನವೆಂಬರಿನಲ್ಲಿ ಹೊರಡಿಸಿದ ಪಿಎಚ್.ಡಿ. ನಿಯಮಾವಳಿಯನ್ನೂ ಓದಿಸಿಕೊಂಡೆ. ಇಂಗ್ಲಿಷಿನಲ್ಲಿತ್ತು. ಅವಳು ಓದಿದಳು, ನಾನು ಟಿಪ್ಪಣಿ ಮಾಡಿದೆ.

ಅದರ ಸಾರಾಂಶ ಹೀಗಿದೆ. ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿ ಮಾಡಿಸಿಕೊಂಡರೆ ಇನ್ನೆರಡು ವರ್ಷ ಸಿಗಬಹುದು. ಮಹಿಳೆಯರಿಗೂ ಶೇಕಡಾ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆ ಎರಡು ವರ್ಷದ ರಿಯಾಯಿತಿ. ಒಟ್ಟು ಹತ್ತು ವರ್ಷ ಮೀರುವಂತಿಲ್ಲ. ಹೆರಿಗೆ ಮತ್ತು ಶಿಶುಪಾಲನೆಗೆಂದು ಮಹಿಳೆಯರಿಗೆ ಇಡೀ ಅವಧಿಯಲ್ಲಿ ಒಮ್ಮೆ 240 ದಿನಗಳವರೆಗೆ ರಜೆ ಕೊಡಬಹುದು. ಮದುವೆಯಾಗಿಯೋ ಬೇರೆ ಕಾರಣಕ್ಕೋ ಊರು ಬಿಟ್ಟು ಹೋಗಬೇಕಾದ ಹೆಣ್ಣುಮಗಳು ತಾನು ಕಲೆಹಾಕಿದ ಸಾಮಗ್ರಿಯನ್ನು ಹೊಸ ಸಂಸ್ಥೆಗೆ ಒಯ್ಯಲಿಕ್ಕೂ ಅವಕಾಶವಿದೆ.

ಮಾರ್ಗದರ್ಶಕರಿಗೂ ಮಿತಿಯಿದೆ. ಪ್ರೊಫೆಸರ್ ಆದವರು ಒಂದು ಹೊತ್ತಿನಲ್ಲಿ ಎಂಟು ಮಂದಿ, ಅಸೋಸಿಯೇಟ್ ಪ್ರೊಫೆಸರ್ ಆರು ಮಂದಿ, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಮಂದಿಗಿಂತ ಹೆಚ್ಚು ಸಂಶೋಧಕರನ್ನು ತೆಗೆದುಕೊಳ್ಳುವಂತಿಲ್ಲ. ನಿವೃತ್ತಿಗೆ ಮೂರು ವರ್ಷ ಇಲ್ಲದವರು ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಒಬ್ಬರೇ ಗುಮಾಸ್ತರ ಕೌಂಟರಿಗೆ ಊರಿಡೀ ಸಾಲು ನಿಂತರೆ ಏನಾಗುತ್ತದೆಂದು ನನಗೆ ಗೊತ್ತು. ಈ ನಿಯಮ ಸರಿಯಾಗಿದೆ.

ಮುಖ್ಯವಾದದ್ದು ಇನ್ನು ಬರುವುದು. ಗೈಡ್ ಒಬ್ಬರೇ ನೋಡಿದರೆ ಸಾಲದು ಎಂದು ಪ್ರತಿಯೊಬ್ಬ ಸಂಶೋಧಕರಿಗೂ ಒಂದು ಸಂಶೋಧನಾ ಸಲಹಾ ಸಮಿತಿ ಇರಬೇಕು. ಗೈಡೇ ಅದರ ಸಂಚಾಲಕರು. ವಿಷಯವನ್ನು ಗಟ್ಟಿ ಮಾಡುವುದು, ಅಧ್ಯಯನದ ದಾರಿ ತೋರಿಸುವುದು, ಕೆಲಸ ಎಲ್ಲಿಗೆ ಮುಟ್ಟಿತೆಂದು ಆಗಾಗ ನೋಡುವುದು ಈ ಸಮಿತಿಯ ಕೆಲಸ. ಪ್ರತಿ ಸೆಮಿಸ್ಟರಿಗೆ ಒಮ್ಮೆ ಸಂಶೋಧಕರು ಸಮಿತಿಯ ಮುಂದೆ ನಿಂತು ಮಾಡಿದ ಕೆಲಸವನ್ನು ಒಪ್ಪಿಸಬೇಕು. ಪ್ರಗತಿ ಸಾಲದೆಂದು ಕಂಡರೆ ಸಮಿತಿ ಕಾರಣ ಬರೆಯಬೇಕು, ತಿದ್ದುವ ದಾರಿಯನ್ನೂ ಹೇಳಬೇಕು. ಅದರಂತೆ ನಡೆಯದಿದ್ದರೆ ಮಾತ್ರ, ಸ್ಪಷ್ಟ ಕಾರಣ ಕೊಟ್ಟು, ನೋಂದಣಿ ರದ್ದು ಮಾಡಲು ಶಿಫಾರಸು ಮಾಡಬಹುದು. ಸಮಿತಿ ಮಾಡಿದ ಶಿಫಾರಸಿನ ಒಂದು ಪ್ರತಿ ಸಂಶೋಧಕರಿಗೂ ಸಿಗಬೇಕು.

ಇದನ್ನು ಕೇಳಿ ನಾನು ಫೈಲು ಬಿಡಿಸಿದೆ. ಐದು ಸೆಮಿಸ್ಟರು ಕಳೆದಿತ್ತು, ಐದು ವರದಿ ಇತ್ತು. ಐದರಲ್ಲೂ ಒಂದೇ ಮಾತು: 'ಪ್ರಗತಿ ತೃಪ್ತಿಕರ.' ಕೆಳಗೆ ಎಲ್ಲರ ಸಹಿ. 2024ರಲ್ಲಿ ಅವಳಿಗೆ ಹೆರಿಗೆಯಾಯಿತು. ಆ ಆರು ತಿಂಗಳು ಅವಳು ಪೆನ್ನು ಮುಟ್ಟಿರಲಿಲ್ಲ, ರಜೆಯೂ ಹಾಕಿರಲಿಲ್ಲ. ಆ ವರದಿಯಲ್ಲೂ 'ಪ್ರಗತಿ ತೃಪ್ತಿಕರ.'

'ಇದು ಹೇಗೆ?' ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. 'ಹಾಗೆ ಬರೆದದ್ದು ನೋಡಿ ಆಗ ನನಗೆ ಸಮಾಧಾನವೇ ಆಯಿತು ಮಾವ.'

'ಎಷ್ಟು ಅಧ್ಯಾಯ ಬರೆದು ಕೊಟ್ಟಿದ್ದೀ?'

'ಒಂದು. ಅದೂ ಅರ್ಧ.'

ನನ್ನ ಸಿಟ್ಟು ಅಲ್ಲೇ ಇಳಿಯಿತು. ದೂರು ಯಾರ ಮೇಲೆ ಕೊಡುವುದು? ಓದದೆ ಸಹಿ ಹಾಕಿದವರ ಮೇಲೋ, ಬರೆಯದೆ ಸಹಿ ಹಾಕಿಸಿಕೊಂಡವಳ ಮೇಲೋ?

ಕೇಳುಗರೇ, ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕಂಪ್ಯೂಟರ್ ಬರುವ ಮೊದಲಿನ ಮಾತು. ನಮ್ಮ ಶಾಖೆಯಲ್ಲಿ ಒಂದೇ ಹೆಸರಿನ ಇಬ್ಬರು ಗ್ರಾಹಕರಿದ್ದರು. ಒಬ್ಬರು ಅಡಿಕೆ ಮಾರಿದ ಹಣ ಕಟ್ಟಿದರು. ನಾನು ಅದನ್ನು ಇನ್ನೊಬ್ಬರ ಲೆಡ್ಜರ್ ಪುಟದಲ್ಲಿ ಜಮೆ ಮಾಡಿದೆ. ತಪಾಸಣೆ ಮಾಡಬೇಕಾದ ಆಫೀಸರು ನನ್ನ ಮೇಲಿನ ನಂಬಿಕೆಯಿಂದ ಗೀಟು ಹಾಕಿ ಸಹಿ ಮಾಡಿದರು. ಸಂಜೆ ಲೆಕ್ಕ ತಾಳೆಯಾಯಿತು. ತಿಂಗಳ ಕೊನೆಗೂ ತಾಳೆಯಾಯಿತು. ಆಗಲೇ ಬೇಕು, ಯಾಕೆಂದರೆ ಒಟ್ಟು ಮೊತ್ತದಲ್ಲಿ ವ್ಯತ್ಯಾಸವೇ ಇಲ್ಲ! ಕೆಲವು ತಿಂಗಳು ಕಳೆದು ಮಗಳ ಮದುವೆಗೆಂದು ಹಣ ತೆಗೆಯಲು ಬಂದ ಆ ಮನುಷ್ಯರು, ಖಾತೆಯಲ್ಲಿ ಹಣ ಇಲ್ಲವೆಂದು ತಿಳಿದು ಕೌಂಟರಿನ ಮುಂದೆ ಬೆವರಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ತಪ್ಪನ್ನು ಹಿಡಿದದ್ದು ನಮ್ಮ ಪುಸ್ತಕಗಳಲ್ಲ, ಅವರ ಕೈಯಲ್ಲಿದ್ದ ಪಾಸ್‌ಬುಕ್ಕು.

ವರದಿಗಳ ಕತೆಯೂ ಅದೇ. ಸಭೆ ಆಗಿದೆ, ಸಹಿ ಆಗಿದೆ, ಕಾಗದ ತಾಳೆಯಾಗಿದೆ. ಅಧ್ಯಾಯ ಮಾತ್ರ ಇಲ್ಲ. 'ತೃಪ್ತಿಕರ' ಎಂಬ ಸುಳ್ಳು ಮಾತಿನಿಂದ ಆ ದಿನ ಎಲ್ಲರಿಗೂ ಸುಖ. ಆದರೆ ಪ್ರಬಂಧವನ್ನು ಒಪ್ಪಿಸಿದ ಮೇಲೆ ಅದು ನಡೆಯುವುದಿಲ್ಲ. ಅಲ್ಲಿ ಗೈಡಿನ ಜೊತೆಗೆ, ಆ ಸಂಸ್ಥೆಯ ನೌಕರಿಯಲ್ಲಿಲ್ಲದ ಕನಿಷ್ಠ ಇಬ್ಬರು ಹೊರಗಿನ ತಜ್ಞರು ಓದುತ್ತಾರೆ. ಒಬ್ಬರು ಒಪ್ಪದಿದ್ದರೆ ಮತ್ತೊಬ್ಬ ಹೊರ ಪರೀಕ್ಷಕರಿಗೆ ಹೋಗುತ್ತದೆ. ಅವರೂ ಒಪ್ಪದಿದ್ದರೆ ಪ್ರಬಂಧ ತಿರಸ್ಕೃತ. ಎಲ್ಲರೂ ಒಪ್ಪಿದರೆ ಬಹಿರಂಗವಾಗಿ ಮೌಖಿಕ ಪರೀಕ್ಷೆ.

ಕೃತಿಚೌರ್ಯದ ತಪಾಸಣೆಯೂ ಇದೆ. 2018ರ ಯು.ಜಿ.ಸಿ. ನಿಯಮದಂತೆ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಕೊಡುವಂತೆಯೇ ಇಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಕೊನೆಗೆ ಪ್ರಬಂಧದ ಪ್ರತಿಯನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರಕ್ಕೆ ಕಳಿಸುತ್ತಾರೆ. 'ಶೋಧಗಂಗಾ' ಎಂಬ ಆ ಭಂಡಾರದಲ್ಲಿ ಅದನ್ನು ಯಾರೂ ಓದಬಹುದು. ಅಂದಮೇಲೆ ಯಾರ ಕಣ್ಣಿಂದಲೂ ಮುಚ್ಚಿಡುವ ಹಾಗಿಲ್ಲ.

ಇದನ್ನೆಲ್ಲ ಲೆಕ್ಕ ಹಾಕಿ ನಾನು ಅವಳಿಗೆ ಹೇಳಿದೆ: 'ನಿನಗೆ ಸಮಯ ಮೀರಿಲ್ಲ ಮಗಳೇ. ಆರು ವರ್ಷ ಮುಗಿಯಬೇಕಾದರೆ 2029 ಬರಬೇಕು. ಬಿಡುವ ಮಾತು ಬಿಡು. ಒಂದು ಪಾಸ್‌ಬುಕ್ಕು ಮಾಡು.'

ಎರಡು ನೂರು ಪುಟದ ಒಂದು ನೋಟ್ ಪುಸ್ತಕ ತಂದೆವು. ಎಡಗಡೆ ತಾನು ಒಪ್ಪಿಸಿದ್ದು: ತಾರೀಕು, ಅಧ್ಯಾಯ, ಎಷ್ಟು ಪುಟ. ಬಲಗಡೆ ಗೈಡ್ ಹೇಳಿದ್ದು: ಏನು ತಿದ್ದಬೇಕು, ಯಾವ ದಿನದೊಳಗೆ. ಪ್ರತಿ ಭೇಟಿಯ ದಿನ ಸಂಜೆಯೇ, 'ತಾವು ಹೀಗೆ ಹೇಳಿದಿರಿ, ನಾನು ಹೀಗೆ ಮಾಡುತ್ತೇನೆ' ಎಂದು ನಾಲ್ಕು ಸಾಲು ಬರೆದು ಅವರಿಗೆ ವಿನಯದಿಂದ ಕಳಿಸುವುದು. ಸಮಿತಿಗೆ ಹೋಗುವಾಗ ಈ ಪುಸ್ತಕ ಕೈಯಲ್ಲಿರಬೇಕು.

ಮೊದಲ ಕಾಗದದಲ್ಲಿ ಅವಳು ಇದ್ದದ್ದನ್ನು ಇದ್ದ ಹಾಗೆ ಬರೆದಳು: ಕೆಲಸ ಹಿಂದೆ ಬಿದ್ದಿದೆ, ನನಗೆ ದಾರಿ ತೋರಿಸಬೇಕು. ಕಳಿಸಿದ ಮೇಲೆ ಎರಡು ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮೂರನೆಯ ದಿನ ಗೈಡೇ ಫೋನು ಮಾಡಿದರು. ಬೈಯಲಿಲ್ಲ. 'ನೀನು ಬರುವುದಿಲ್ಲ ಎಂದು ನಾನೂ ಸುಮ್ಮನಿದ್ದೆ. ವರದಿಯಲ್ಲಿ ಬೇರೆ ಬರೆದರೆ ನಿನಗೆ ತೊಂದರೆಯಾದೀತೆಂದು ಹಾಗೆ ಬರೆದೆ' ಎಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ನಮ್ಮ ಆಫೀಸರು ಗೀಟು ಹಾಕಿದ್ದೂ ಒಳ್ಳೆಯ ಮನಸ್ಸಿನಿಂದಲೇ.

ಮುಂದಿನ ಸಮಿತಿಯಲ್ಲಿ ಅವಳಿಗೆ ಮೊದಲ ಬಾರಿ 'ಪ್ರಗತಿ ಸಾಲದು' ಎಂದು ಬರೆದರು. ಅದರ ಕೆಳಗೆ ಮಾಡಬೇಕಾದ ನಾಲ್ಕು ಕೆಲಸಗಳ ಪಟ್ಟಿ. ಅವಳು ಅತ್ತಳು. ಅತ್ತ ಮೇಲೆ ಆ ಪಟ್ಟಿಯನ್ನು ಗೋಡೆಗೆ ಅಂಟಿಸಿದಳು. ಈಗ ಎರಡನೆಯ ಅಧ್ಯಾಯ ಮುಗಿದಿದೆ. ಬೆಳಗ್ಗೆ ಎರಡು ಗಂಟೆ ಮಗುವನ್ನು ನೋಡಿಕೊಳ್ಳುವ ಕೆಲಸ ನನ್ನದು. ಪ್ರಬಂಧ ಮುಗಿಯುತ್ತದೋ ಇಲ್ಲವೋ ಈಗಲೇ ಹೇಳಲಾರೆ. ಆದರೆ ಎಲ್ಲಿದ್ದೇವೆ ಎಂಬುದು ಈಗ ಎಲ್ಲರಿಗೂ ಗೊತ್ತಿದೆ.

ನಿಜವಾಗಿ ಅನ್ಯಾಯವಾಗುತ್ತಿದ್ದರೆ ಅದಕ್ಕೂ ದಾರಿಯಿದೆ. 2023ರ ಯು.ಜಿ.ಸಿ. ನಿಯಮದಂತೆ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು. ಅದರ ಮೇಲೆ ಒಂಬಡ್ಸ್‌ಪರ್ಸನ್ ಎಂಬ ಮೇಲ್ಮನವಿಯ ಅಧಿಕಾರಿಯೂ ಇರಬೇಕು. ಅಲ್ಲಿಗೆ ಹೋಗುವಾಗಲೂ ತಾರೀಕು ಹಾಕಿದ ಬರಹವೇ ಕೈ ಹಿಡಿಯುವುದು, ಕಣ್ಣೀರಲ್ಲ.

ಗಡಿನಾಡಿನ ತಂದೆ ತಾಯಂದಿರಲ್ಲಿ ನನ್ನದೊಂದು ವಿನಂತಿ. ನಮ್ಮ ಮಕ್ಕಳ ಸಂಶೋಧನೆ ನಮಗೆ ಅರ್ಥವಾಗದೆ ಇರಬಹುದು. ಆದರೂ 'ಯಾವಾಗ ಮುಗಿಯುತ್ತದೆ' ಎಂದು ಕೇಳಿ ಅವರ ಬಾಯಿ ಮುಚ್ಚಿಸಬೇಡಿ. 'ಈ ಆರು ತಿಂಗಳಲ್ಲಿ ಏನು ಒಪ್ಪಿಸಿದೆ, ಅವರು ಏನು ಬರೆದು ಕೊಟ್ಟರು, ತೋರಿಸು' ಎಂದು ಕೇಳಿ. ಇಷ್ಟು ಕೇಳುವುದಕ್ಕೆ ಎಸ್ಸೆಸ್ಸೆಲ್ಸಿ ಧಾರಾಳ ಸಾಕು.