ಸಣ್ಣ ಪಕ್ಷಗಳೂ ಚುನಾವಣೆಯ ಹೆಬ್ಬಾಗಿಲೂ



ಕೇಂದ್ರ ಸರ್ಕಾರದ ಸೇವೆಯಲ್ಲಿರುವ ನಾನು ಯಾವ ಪಕ್ಷದ ಪರವಾಗಿಯೂ ವಿರುದ್ಧವಾಗಿಯೂ ಮಾತನಾಡುವಂತಿಲ್ಲ. ಅಚ್ಚಾಗಿರುವ ಕಾನೂನನ್ನು ಓದಿ ಹೇಳುವುದಕ್ಕೆ ಅಡ್ಡಿಯಿರಲಾರದೆಂದು ನಂಬಿ ಇಲ್ಲಿ ನಿಂತಿದ್ದೇನೆ.

ತಾಳವಾಡಿಯ ನಮ್ಮ ಕನ್ನಡಿಗರಿರುವ ಈರೋಡು ಜಿಲ್ಲೆಯಲ್ಲಿಯೇ ಮೊಡಕುರಿಚಿ ಎಂಬ ವಿಧಾನಸಭಾ ಕ್ಷೇತ್ರವಿದೆ. 1996ರಲ್ಲಿ ಅಲ್ಲಿ 1,033 ಮಂದಿ ಕಣದಲ್ಲಿ ಉಳಿದರು. ಹೆಚ್ಚಿನವರು ತಮ್ಮ ಅಹವಾಲಿಗೆ ಸರ್ಕಾರ ಕಿವಿಗೊಡಲೆಂದು ನಾಮಪತ್ರ ಸಲ್ಲಿಸಿದ ರೈತರು. ಮತಪತ್ರವು ಪುಸ್ತಕವಾಯಿತು, ಮತದಾನ ಮುಂದಕ್ಕೆ ಹೋಯಿತು. ಅದೇ ವರ್ಷ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ ಗಡಿವಿವಾದದ ಹೆಸರಿನಲ್ಲಿ 456 ಅಭ್ಯರ್ಥಿಗಳಾದರು. ಆಡಳಿತಕ್ಕೆ ಇದು ತಲೆನೋವೆಂಬುದನ್ನು ಅಲ್ಲಗಳೆಯಲಾರೆ. ಆದರೆ ಸಂಸತ್ತು ಕಂಡುಕೊಂಡ ಮದ್ದಾದರೂ ಏನು? ವಿಧಾನಸಭೆಯ ಠೇವಣಿ 250 ರೂಪಾಯಿಯಿಂದ 5,000ಕ್ಕೂ ಲೋಕಸಭೆಯದು 500ರಿಂದ 10,000ಕ್ಕೂ ಏರಿತು. ಇಂದು ಅವು 10,000 ಮತ್ತು 25,000. ಸಿಂಧು ಮತಗಳ ಆರನೆಯ ಒಂದು ಪಾಲನ್ನು ದಾಟದಿದ್ದರೆ ಹಣ ಖಜಾನೆಗೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಉಳಿದವರಿಗೆ ಹತ್ತು ಮಂದಿ ಬೇಕು.

ಹತ್ತು ಸಹಿ ದೊಡ್ಡ ಮಾತಲ್ಲ. ನನಗೆ ಕಠಿಣವೆನಿಸುವುದು ಚಿಹ್ನೆಯ ನಿಯಮ. ಮಾನ್ಯತೆಯಿಲ್ಲದ ಪಕ್ಷಕ್ಕೆ ಚಿಹ್ನೆ ಸ್ವಂತದ್ದಲ್ಲ. ಈ ರಾಜ್ಯದ ನಾಮ್ ತಮಿಳರ್ ಕಟ್ಚಿ 2019ರಲ್ಲಿಯೂ 2021ರಲ್ಲಿಯೂ ಕಬ್ಬು ಹಿಡಿದ ರೈತನ ಚಿಹ್ನೆಯಲ್ಲಿ ಸ್ಪರ್ಧಿಸಿತ್ತು. 2024ರಲ್ಲಿ ಮೊದಲು ಅರ್ಜಿ ಹಾಕಿದ ಬೇರೊಂದು ಪಕ್ಷಕ್ಕೆ ಅದು ದಕ್ಕಿತು. ನ್ಯಾಯಾಲಯದ ಮೆಟ್ಟಿಲೇರಿದರೂ ಫಲವಾಗಲಿಲ್ಲ. ಜನರಿಗೆ ಪರಿಚಿತವಾಗಿದ್ದ ಗುರುತನ್ನು ಬಿಟ್ಟು ಮೈಕನ್ನು ಹಿಡಿದ ಆ ಪಕ್ಷ ಶೇಕಡಾ 8ಕ್ಕೂ ಮಿಗಿಲಾದ ಮತ ಪಡೆದು ಮಾನ್ಯತೆಯ ಅರ್ಹತೆ ಗಳಿಸಿತು. ಅದರ ತತ್ತ್ವ ನಮ್ಮಂತಹ ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪುವುದೇ ಎಂಬುದು ಬೇರೆಯೇ ಪ್ರಶ್ನೆ. ಎಲ್ಲರಿಗೂ ಇಂತಹ ಬಲವಿರುವುದಿಲ್ಲ. ನಾಳೆ ತಾಳವಾಡಿಯಲ್ಲಿ ಕನ್ನಡ ಶಾಲೆಗಳಿಗಾಗಿ ಒಂದು ಪುಟ್ಟ ಪಕ್ಷ ಹುಟ್ಟಿದರೆ ಅದು ಈ ಪೆಟ್ಟನ್ನು ತಾಳೀತೆ?

ದುಡ್ಡಿನ ಬಾಗಿಲಿಗಾದರೋ ಕಾವಲು ಸಡಿಲ. ಕಂಪನಿಗಳ ದೇಣಿಗೆಗಿದ್ದ, ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 7.5ರ ಮಿತಿಯನ್ನು 2017ರಲ್ಲಿ ತೆಗೆದುಹಾಕಲಾಯಿತು. ಮರುವರ್ಷ ಚುನಾವಣಾ ಬಾಂಡುಗಳು ಬಂದವು. ಕೊಟ್ಟವರ ಹೆಸರು ಗುಪ್ತ. ಪಡೆಯುವ ಪಕ್ಷಕ್ಕೋ ಹಿಂದಿನ ಚುನಾವಣೆಯಲ್ಲಿ ಕನಿಷ್ಠ ಶೇಕಡಾ 1 ಮತ ಬಂದಿರಬೇಕು. ಆಗತಾನೆ ಹುಟ್ಟಿದ ಪಕ್ಷ ಇದನ್ನು ಎಲ್ಲಿಂದ ತರಬೇಕು? 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯ ಈ ಎರಡು ಏರ್ಪಾಟುಗಳನ್ನೂ ರದ್ದುಗೊಳಿಸಿತು. ಅನಂತರ ಪ್ರಕಟವಾದ ಪಟ್ಟಿಯಲ್ಲಿ ಕೊಯಮತ್ತೂರಿನ ಒಂದು ಲಾಟರಿ ಸಂಸ್ಥೆಯ ಖರೀದಿಯೇ 1,368 ಕೋಟಿ ರೂಪಾಯಿ! ವಿಧಾನಸಭೆಯ ಅಭ್ಯರ್ಥಿಯ ವೆಚ್ಚಕ್ಕೆ ದೊಡ್ಡ ರಾಜ್ಯಗಳಲ್ಲಿ 40 ಲಕ್ಷದ ಮಿತಿಯಿದೆ. ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲ.

ಸರ್ಕಾರವೇ ಚುನಾವಣೆಯ ಖರ್ಚನ್ನು ಭರಿಸಲಿ ಎನ್ನುವವರಿದ್ದಾರೆ. 1998ರಲ್ಲಿ ಇಂದ್ರಜಿತ್ ಗುಪ್ತ ಸಮಿತಿ ಅದನ್ನೇ ಶಿಫಾರಸು ಮಾಡಿತು. ಆದರೆ ಆ ನೆರವು ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ. ಇದನ್ನು ನಾನು ಒಪ್ಪಲಾರೆ. ಮೊದಲು ಪಕ್ಷಗಳ ವೆಚ್ಚಕ್ಕೆ ಮಿತಿ ಬರಲಿ. ನೆರವು ಕೊಡುವುದಾದರೆ ಪಡೆದ ಮತಗಳಿಗೆ ಅನುಗುಣವಾಗಿ ಸಣ್ಣವರಿಗೂ ಸಲ್ಲಲಿ.