ಶೈತ್ಯೀಕರಿಸಿದ ಭ್ರೂಣ ಮತ್ತು ಗರ್ಭಕೋಶದ ಸಿದ್ಧತೆ

(ಸಂತಾನಹೀನತೆ ಕುರಿತ ಮಾಹಿತಿ ಸಭೆಯಲ್ಲಿ ಸ್ತ್ರೀರೋಗ ತಜ್ಞರು ಮಾಡಿದ ಭಾಷಣ)

 

ನಿಮ್ಮಲ್ಲಿ ಹಲವರ ಭ್ರೂಣಗಳನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿ ಚಳಿಯಲ್ಲಿ ಕಾಪಾಡಿ ಇಡಲಾಗಿದೆ. "ಇಷ್ಟು ದಿನ ಇಟ್ಟರೆ ಕೆಡುವುದಿಲ್ಲವೇ ಡಾಕ್ಟರೇ?" ಎಂದು ಕೇಳುತ್ತೀರಿ. ಆ ಚಳಿಯಲ್ಲಿ ಜೀವಕೋಶದ ಚಟುವಟಿಕೆಯೇ ನಿಂತಿರುತ್ತದೆ. ಒಂದೆರಡು ತಿಂಗಳು ತಡವಾದರೆ ಏನೂ ಆಗದು. ಹೀಗೆ ಇಟ್ಟ ಭ್ರೂಣದಿಂದ ಮೊದಲ ಮಗು 1984ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಹುಟ್ಟಿತು. ಭ್ರೂಣಕ್ಕೆ ಅವಸರವಿಲ್ಲ, ಸಿದ್ಧವಾಗಬೇಕಾದದ್ದು ಗರ್ಭಕೋಶದ ಒಳಪದರ.

ಮುಟ್ಟಿನಲ್ಲಿ ಹೋಗುವುದು ಈ ಪದರವೇ. ಮುಟ್ಟಾದ ಎರಡನೆಯ ಅಥವಾ ಮೂರನೆಯ ದಿನ ಸ್ಕ್ಯಾನಿಂಗ್ ಮಾಡಿ ಈಸ್ಟ್ರೋಜನ್ ಮಾತ್ರೆ ಆರಂಭಿಸುತ್ತೇವೆ. ಮೊದಲ ತೊಡಕು ಇಲ್ಲಿಯೇ. ಮೈಲಿಗೆ ಕಳೆಯಲಿ ಎಂದು ಐದನೆಯ ದಿನ ತಲೆಗೆ ನೀರು ಹಾಕಿಕೊಂಡು ಬರುವವರಿದ್ದಾರೆ. ಅನೇಕ ವೇಳೆ ಆ ತಿಂಗಳು ಕೈತಪ್ಪಿದಂತೆಯೇ. ಮುಟ್ಟಿನದೂ ಸೇರಿ ಪಂಚಸೂತಕಗಳನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ತಳ್ಳಿಹಾಕಿದರು. ಮಠದ ಆಸ್ಪತ್ರೆಗೆ ಬರಲು ಮುಟ್ಟಿನ ಸಂಕೋಚವೇಕೆ?

ಹತ್ತು-ಹನ್ನೆರಡು ದಿನದ ಮೇಲೆ ಮತ್ತೆ ಸ್ಕ್ಯಾನಿಂಗ್. ಪದರ ಸಾಮಾನ್ಯವಾಗಿ 7 ಮಿ.ಮೀ. ದಾಟಿ, ಮೂರು ಗೆರೆ ಎಳೆದಂತೆ ಕಂಡರೆ, ಹೊಲಕ್ಕೆ ಹದ ಬಂದಂತೆ. ಬರದಿದ್ದರೆ ಇನ್ನೂ ಕೆಲವು ದಿನ ಮಾತ್ರೆ. ಆಗಲೂ ಬರದಿದ್ದರೆ ಆ ತಿಂಗಳು ಬಿಡುತ್ತೇವೆ. ಭ್ರೂಣ ಎಲ್ಲಿಯೂ ಹೋಗಿರುವುದಿಲ್ಲ. ಅತ್ತೆಯವರೇ, ಅಷ್ಟಕ್ಕೇ ಸೊಸೆಯನ್ನು ಆಡಿಕೊಳ್ಳಬೇಡಿ.

ಹದ ಬಂದ ಮೇಲೆ ಪ್ರೊಜೆಸ್ಟರಾನ್. ಲೆಕ್ಕವೆಲ್ಲ ಇದರ ಮೇಲೆಯೇ. ಐದು ದಿನ ಬೆಳೆದ ಭ್ರೂಣವನ್ನು ಸಾಮಾನ್ಯವಾಗಿ ಪ್ರೊಜೆಸ್ಟರಾನಿನ ಆರನೆಯ ದಿನ ಗರ್ಭಕೋಶಕ್ಕೆ ಬಿಡುತ್ತೇವೆ. ಭ್ರೂಣವನ್ನು ಹಿಡಿದುಕೊಳ್ಳುವ ಸ್ಥಿತಿಯಲ್ಲಿ ಪದರ ಇರುವುದು ಕೆಲವೇ ದಿನ. ಮಾತ್ರೆ ಶುರುಮಾಡುವುದು ಒಂದು ದಿನ ತಪ್ಪಿದ್ದರೆ ಮುಚ್ಚಿಡದೆ ಹೇಳಿ, ಭ್ರೂಣ ಬಿಡುವ ದಿನವನ್ನು ಬದಲಿಸಬಹುದು. ಆದರೆ ಅಮಾವಾಸ್ಯೆ ಬೇಡ, ಒಳ್ಳೆಯ ದಿನ ನೋಡಿ ಎಂದರೆ ಪದರ ಪಂಚಾಂಗ ನೋಡುವುದಿಲ್ಲ.

ಮುಟ್ಟು ಸರಿಯಾಗಿ ಬರುವವರಿಗೆ ಈಸ್ಟ್ರೋಜನ್ ಮಾತ್ರೆಯಿಲ್ಲದೆ, ತಾನಾಗಿ ಅಂಡ ಬಿಡುಗಡೆಯಾಗುವ ದಿನ ನೋಡಿಕೊಂಡೂ ಮಾಡಬಹುದು. ಅಂತಹ ಗರ್ಭಿಣಿಯರಲ್ಲಿ ರಕ್ತದೊತ್ತಡದ ತೊಂದರೆ ಕಡಿಮೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಸ್ಕ್ಯಾನಿಂಗಿಗೆ ಹೆಚ್ಚು ಸಲ ಬರಬೇಕು. ದೂರದ ಊರಿನವರಿಗೆ ಕಷ್ಟ.

ಮಾತ್ರೆಯ ವಿಧಾನದಲ್ಲಿ ಅಂಡಾಶಯ ಪ್ರೊಜೆಸ್ಟರಾನ್ ಒದಗಿಸುವುದಿಲ್ಲ, ಎಲ್ಲವೂ ಔಷಧದಿಂದಲೇ ಬರಬೇಕು. ಗರ್ಭ ನಿಂತ ಮೇಲೂ ಮಾಸು ಆ ಕೆಲಸ ವಹಿಸಿಕೊಳ್ಳುವತನಕ, ಅಂದರೆ ಸುಮಾರು 10-12 ವಾರ, ಔಷಧ ಬೇಕು. ನಾಲ್ಕು ತೊಟ್ಟು ರಕ್ತ ಕಂಡ ಕೂಡಲೇ "ಮುಟ್ಟಾಯಿತು, ಇನ್ನೇಕೆ" ಎಂದು ತಾವೇ ನಿಲ್ಲಿಸಿಬಿಡುವವರಿದ್ದಾರೆ. ಗರ್ಭ ನಿಂತವರಲ್ಲಿಯೂ ಹಾಗೆ ರಕ್ತ ಕಾಣಬಹುದು. ರಕ್ತಪರೀಕ್ಷೆಯಾಗಿ ನಾವು ಹೇಳುವವರೆಗೆ ಒಂದು ಹೊತ್ತೂ ಬಿಡಬೇಡಿ. ಯೋನಿಯಲ್ಲಿ ಇಡುವ ಮಾತ್ರೆ ಬೆಳ್ಳಗೆ ಸ್ವಲ್ಪ ಹೊರಬರುವುದು ಸಹಜ. ಹಾಸಿಗೆ ಹಿಡಿದು ಮಲಗುವ ಅಗತ್ಯವೂ ಇಲ್ಲ.

ಯಜಮಾನರು ಮಾತ್ರೆಯ ಹೊತ್ತಿಗೆ ತಮ್ಮ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಲಿ. ಸಂದೇಹಗಳಿದ್ದರೆ ಈಗ ಕೇಳಿ.