ನಾಟಕ ಕಿರುತೆರೆಗೆ ಬಂದಾಗ



ಗಣಿತಜ್ಞ ಅಲನ್ ಟ್ಯೂರಿಂಗ್ ಅವರ ಬದುಕನ್ನು ಕುರಿತ ಹ್ಯೂ ವೈಟ್‌ಮೋರ್ ಅವರ ‘ಬ್ರೇಕಿಂಗ್ ದ ಕೋಡ್’ ನಾಟಕ 1986ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂತು. 1996ರ ಟೆಲಿಚಿತ್ರದಲ್ಲೂ ಟ್ಯೂರಿಂಗ್ ಪಾತ್ರ ಅದೇ ಡೆರೆಕ್ ಜಾಕೋಬಿ ಅವರದು.

ಕಿರುತೆರೆಗೆ ಮಾತು ಕಡಿಮೆಯಿರಬೇಕು ಎನ್ನುವವರುಂಟು. ಇಲ್ಲಿ ಟ್ಯೂರಿಂಗ್ ಗಣಿತ ವಿವರಿಸುವ ದೀರ್ಘ ಮಾತನ್ನು ಉಳಿಸಿಕೊಂಡಿದ್ದಾರೆ. ಎಲ್ಲವೂ ನನಗೆ ಅರ್ಥವಾಯಿತೆನ್ನಲಾರೆ, ಗಣಿತದ ಮೇಷ್ಟ್ರು ಕ್ಷಮಿಸಬೇಕು! ಆದರೂ ಕಣ್ಣು ಕೀಳಲಾಗಲಿಲ್ಲ. ತೊದಲುವ ಮನುಷ್ಯ ತನ್ನ ವಿಷಯ ಬಂದೊಡನೆ ಅರಳುತ್ತಾನೆ. ರಂಗದಲ್ಲಿ ತೊದಲು ಕೊನೆಯ ಸಾಲಿಗೂ ಕೇಳಿಸಬೇಕು. ಕ್ಯಾಮೆರಾಕ್ಕೆ ತುಟಿಯ ನಡುಕವೇ ಸಾಕು.

ಸಲಿಂಗಪ್ರೇಮಕ್ಕಾಗಿ 1952ರಲ್ಲಿ ನ್ಯಾಯಾಲಯ ಅವರನ್ನು ಅಪರಾಧಿಯೆಂದಿತು. ಆ ಮಾತನ್ನು ಕತ್ತರಿಸಿದ್ದರೆ ತೆರೆಯ ಮೇಲೆ ಆರೋಪಿಯಷ್ಟೇ ಉಳಿದು, ಗಣಿತಜ್ಞ ಕಾಣೆಯಾಗುತ್ತಿದ್ದರು.

ಶಾಲೆಯ ನಾಟಕವನ್ನು ಮೊಬೈಲಿನಲ್ಲಿ ಚಿತ್ರಿಸುವ ಮಕ್ಕಳೇ, ಉದ್ದವಾಯಿತೆಂದು ಮಾತು ತೆಗೆಯುವ ಮೊದಲು ಒಮ್ಮೆ ಮುಖದ ಹತ್ತಿರ ಹೋಗಿ ಚಿತ್ರಿಸಿ ನೋಡಿ.